ಚಳಿಗಾಲದ ತೆರೆದ ಈಜುಕೊಳ: ನೀರು ಎಷ್ಟು ಬೆಚ್ಚಗಿರಬೇಕು, ಯಾವ ಹೊತ್ತಿಗೆ ಇಳಿಯಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ತೆರೆದ ಈಜುಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ ಇದೆ. ಪ್ರತಿ ವರ್ಷ ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಅದಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಈ ಸಲ ಹೀಟ್ ಪಂಪ್ ಹಾಕಿಸಿದ್ದಾರೆ. ನನಗೆ ಬೆಳಿಗ್ಗೆ 6 ಗಂಟೆಗೆ ಈಜುವ ಅಭ್ಯಾಸವಿದೆ. ಮಗಳಿಗೆ 7 ವರ್ಷ, ಈಗಷ್ಟೇ ಕಲಿಯುತ್ತಿದ್ದಾಳೆ. ಅತ್ತೆಯವರಿಗೆ 66 ವರ್ಷ, ಮೊಣಕಾಲು ನೋವಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನೀರಿನಲ್ಲಿ ನಡೆದರೆ ಒಳ್ಳೆಯದೆಂದು ಯಾರೋ ಹೇಳಿದ್ದಾರೆ. ಆದರೆ ಚಳಿಗಾಲದಲ್ಲಿ ಈಜಿದರೆ ಎಲ್ಲರಿಗೂ ನೆಗಡಿ ಹಿಡಿಯುತ್ತದೆ ಎಂಬ ಭಯ ಮನೆಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ ಡಿಸೆಂಬರಿನಲ್ಲೂ ತೆರೆದ ಕೊಳದಲ್ಲೇ ಈಜುತ್ತಾನೆ. ಇತ್ತ ನಮ್ಮ ನಿವಾಸಿಗಳ ಸಂಘದಲ್ಲಿ ನೀರನ್ನು 26 ಡಿಗ್ರಿಯಲ್ಲಿ ಇಡಬೇಕೋ 32ರಲ್ಲೋ ಎಂಬ ವಾದ ಮುಗಿದಿಲ್ಲ, ಕರೆಂಟ್ ಬಿಲ್ಲಿನ ಚಿಂತೆಯೂ ಇದೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನೀವು ಮೂವರೂ ಈ ಚಳಿಗಾಲದಲ್ಲಿ ನೀರಿಗಿಳಿಯಬಹುದು. ಆದರೆ ಮೂವರೂ ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಇಳಿಯುವುದು ಬೇಡ. ನೀರನ್ನು 28ರಿಂದ 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ರಾತ್ರಿ ಕೊಳಕ್ಕೆ ಹೊದಿಕೆ ಹಾಕಿ, ಮಗು ಮತ್ತು ಹಿರಿಯರ ಸಮಯವನ್ನು ಬಿಸಿಲಿನ ಹೊತ್ತಿಗೆ ಬದಲಿಸಿದರೆ ನಿಮ್ಮ ಬಹುಪಾಲು ಆತಂಕಗಳಿಗೆ ಪರಿಹಾರ ಸಿಗುತ್ತದೆ. ಹೀಗೆ ಹೇಳಲು ಕಾರಣವೇನೆಂಬುದನ್ನು ಸ್ವಲ್ಪ ದೀರ್ಘವಾಗಿಯೇ ವಿವರಿಸುತ್ತೇನೆ. ಏಕೆಂದರೆ ನಿಮ್ಮ ಮಗಳ ನಡುಕಕ್ಕೂ ಸಂಘದ ಕರೆಂಟ್ ಬಿಲ್ಲಿಗೂ ಮೂಲ ಒಂದೇ, ಅದು ನೀರು ಆವಿಯಾಗುವ ಕ್ರಿಯೆ.

ಮೊದಲು ನಮ್ಮ ಊರಿನ ಚಳಿಯನ್ನು ಸರಿಯಾಗಿ ಅಳೆಯೋಣ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳ ಮುಂಜಾವಿನ ತಾಪಮಾನ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಧ್ಯಾಹ್ನ 26–27ಕ್ಕೆ ಏರುತ್ತದೆ. ಈ ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಿಮ್ಮ ತಮ್ಮನಿರುವ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಕೊಲ್ಲಿ ಪ್ರದೇಶದಲ್ಲೂ, ಡಿಸೆಂಬರಿನ ಮುಂಜಾವು ಇದಕ್ಕಿಂತ ಬಹಳ ತಣ್ಣಗಿರುತ್ತದೆ. ಆದರೂ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ಈಜು ತಂಡಗಳು ವರ್ಷವಿಡೀ ತೆರೆದ ಕೊಳಗಳಲ್ಲೇ ಅಭ್ಯಾಸ ಮಾಡುತ್ತವೆ. ಒಲಿಂಪಿಕ್ ಚಾಂಪಿಯನ್ ಕೇಟಿ ಲೆಡೆಕಿ ಹಲವು ವರ್ಷ ತರಬೇತಿ ಪಡೆದದ್ದು ಸ್ಟ್ಯಾನ್‌ಫರ್ಡ್‌ನ ಅಂಥ ಕೊಳದಲ್ಲೇ. ಐಸ್‌ಲೆಂಡಿನ ರೇಕ್ಯಾವಿಕ್‌ನಲ್ಲಂತೂ ಭೂಗರ್ಭದ ಬಿಸಿನೀರಿನಿಂದ ಕಾಯಿಸಿದ ತೆರೆದ ಕೊಳಗಳಲ್ಲಿ ಸುತ್ತ ಹಿಮ ಬಿದ್ದಿರುವಾಗಲೂ ಮಕ್ಕಳು, ಮುದುಕರು ಈಜುತ್ತಾರೆ. ಹೊರಗಿನ ಗಾಳಿ ತಣ್ಣಗಿದೆ ಎಂಬ ಒಂದೇ ಕಾರಣಕ್ಕೆ ಈಜು ನಿಲ್ಲಿಸಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಕಾಯಿಸದ ಕೊಳದ ಮಾತು ಬೇರೆ. ತೆರೆದ ಕೊಳದ ನೀರು ಹಗಲು–ರಾತ್ರಿಗಳ ಸರಾಸರಿ ತಾಪಮಾನವನ್ನು ಹೆಚ್ಚುಕಡಿಮೆ ಅನುಸರಿಸುವುದರಿಂದ ನಮ್ಮಲ್ಲಿ ಜನವರಿಯ ಹೊತ್ತಿಗೆ ಅದು 20–22 ಡಿಗ್ರಿಗೆ ಇಳಿದಿರುತ್ತದೆ. ಅದೇ 21 ಡಿಗ್ರಿಯ ಗಾಳಿಯಲ್ಲಿ ನಾವು ಹಾಯಾಗಿ ಓಡಾಡುತ್ತೇವೆ, ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದಲೇ ಅಂಥ ನೀರಿಗೆ ಇಳಿದ ಕೂಡಲೇ ಉಸಿರು ಒಮ್ಮೆಲೇ ಎಳೆದುಕೊಂಡಂತಾಗಿ ಎದೆಬಡಿತ ಏರುತ್ತದೆ. ಹಿಂದಿನ ವರ್ಷಗಳಲ್ಲಿ ನಿಮ್ಮ ಕೊಳಕ್ಕೆ ಯಾರೂ ಇಳಿಯದೆ ಇದ್ದದ್ದು ಸೋಮಾರಿತನದಿಂದಲ್ಲ, ಅದು ದೇಹದ ಸಹಜ ಪ್ರತಿಕ್ರಿಯೆ. ನೀರನ್ನು 28ಕ್ಕೆ ಕಾಯಿಸಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಆಗ ಉಳಿಯುವುದು ನೀರಿನಿಂದ ಹೊರಬಂದ ಮೇಲಿನ ಕೆಲವು ನಿಮಿಷಗಳ ಪ್ರಶ್ನೆ. ಒದ್ದೆ ಮೈಯ ಮೇಲಿನ ನೀರು ಆವಿಯಾಗಲು ಶಾಖ ಬೇಕು, ಅದರ ಬಹುಪಾಲನ್ನು ಅದು ಚರ್ಮದಿಂದಲೇ ಪಡೆಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೇಗೋ ಹಾಗೆ. ಒಂದು ಲೀಟರ್ ನೀರು ಆವಿಯಾಗುವಾಗ ಒಯ್ಯುವ ಶಾಖ ಸುಮಾರು 580 ಲೀಟರ್ ನೀರನ್ನು ಒಂದು ಡಿಗ್ರಿ ತಣ್ಣಗಾಗಿಸಲು ಸಾಕಾಗುತ್ತದೆ ಎಂದರೆ, ಮೈಗೆ ಅಂಟಿಕೊಂಡ ಒಂದಿಷ್ಟು ನೀರಿಗೂ ಎಂಥ ಶಕ್ತಿಯಿದೆ ಎಂಬುದು ತಿಳಿದೀತು. ಅದರ ಮೇಲೆ ನಮ್ಮಲ್ಲಿ ಚಳಿಗಾಲದುದ್ದಕ್ಕೂ ಮೂಡಣ ಗಾಳಿ ಬೀಸುತ್ತಿರುತ್ತದೆ, ಗಾಳಿ ಹೆಚ್ಚಿದಷ್ಟೂ ಆವಿಯಾಗುವ ವೇಗ ಹೆಚ್ಚುತ್ತದೆ. ಹೀಗಾಗಿ ನೀರನ್ನು ಇನ್ನೆರಡು ಡಿಗ್ರಿ ಕಾಯಿಸುವುದಕ್ಕಿಂತ, ಮೆಟ್ಟಿಲಿನಿಂದ ಕೈಗೆಟುಕುವಷ್ಟು ಹತ್ತಿರದಲ್ಲಿ ಒಣ ಟವೆಲ್ಲನ್ನೋ ಟೋಪಿಯಿರುವ ಬಟ್ಟೆಯ ನಿಲುವಂಗಿಯನ್ನೋ ಇಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ. ಅನೇಕ ಕೊಳಗಳಲ್ಲಿ ನಾನು ಕಾಣುವುದೆಂದರೆ ಟವೆಲ್ಲುಗಳೆಲ್ಲ ದೂರದ ಕುರ್ಚಿಗಳ ಮೇಲೆ, ಬಟ್ಟೆ ಬದಲಿಸುವ ಕೋಣೆ ಅದಕ್ಕೂ ಆಚೆ, ಈಜಿ ಬಂದವರು ತೊಟ್ಟಿಕ್ಕುವ ಮೈಯಲ್ಲಿ ಗಾಳಿಗೆ ಎದುರಾಗಿ ನಡೆಯಬೇಕಾದ ದಾರಿ. ಒಂದು ಸ್ಟ್ಯಾಂಡ್ ತಂದು ಮೆಟ್ಟಿಲಿನ ಪಕ್ಕದಲ್ಲಿ ನಿಲ್ಲಿಸಿದರೆ ಮುಗಿಯಿತು.

ಇನ್ನು ನೆಗಡಿಯ ಭಯ. ನೆಗಡಿ ಬರುವುದು ವೈರಸ್‌ಗಳಿಂದ. ಅದನ್ನು ತರುವ ವೈರಸ್‌ಗಳು 200ಕ್ಕೂ ಹೆಚ್ಚು ಬಗೆಯವು, ರೈನೋವೈರಸ್ ಅವುಗಳಲ್ಲಿ ಮುಖ್ಯವಾದದ್ದು. ಕಿಟಕಿ ಮುಚ್ಚಿದ ಕೋಣೆಗಳಲ್ಲಿ, ಶಾಲಾ ವಾಹನಗಳಲ್ಲಿ, ಸೀನಿದವರ ಕೈಯಿಂದ ಕೈಗೆ ಅದು ಹರಡುತ್ತದೆಯೇ ಹೊರತು ಒದ್ದೆ ಕೂದಲಿನಿಂದ ಹುಟ್ಟುವುದಿಲ್ಲ. ಹಾಗಾದರೆ ಈಜಿ ಬಂದವರ ಮೂಗು ಸೋರುವುದೇಕೆ? ಕ್ಲೋರಿನ್ ಬೆರೆತ ನೀರು ಮೂಗಿನ ಒಳಪದರವನ್ನು ಕೆರಳಿಸುತ್ತದೆ, ತಣ್ಣನೆಯ ಗಾಳಿಯೂ ಅದನ್ನು ಸ್ರವಿಸುವಂತೆ ಮಾಡುತ್ತದೆ. ಅಷ್ಟೇ ಆಗಿದ್ದರೆ ಒಂದೆರಡು ತಾಸಿನಲ್ಲಿ ನಿಂತುಹೋಗುತ್ತದೆ. ನಿಜವಾದ ನೆಗಡಿ ದಿನಗಟ್ಟಲೆ ಇರುತ್ತದೆ, ಗಂಟಲು ಕೆರೆತದೊಂದಿಗೆ ಶುರುವಾಗುತ್ತದೆ. ಈ ಅಂತರವನ್ನು ಮನೆಯಲ್ಲಿ ತಿಳಿಸಿ ಹೇಳಿ. ಆದರೆ ತಲೆ ಒರೆಸಿಕೋ, ಗಾಳಿಗೆ ನಿಲ್ಲಬೇಡ ಎಂಬ ಹಿರಿಯರ ಮಾತನ್ನು ಮಾತ್ರ ತಳ್ಳಿಹಾಕಬೇಡಿ, ಏಕೆಂದರೆ ಮೈ ತಣ್ಣಗಾಗುವ ವಿಚಾರದಲ್ಲಿ ಅದು ಅಕ್ಷರಶಃ ಸರಿಯಾದ ಸಲಹೆ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ತಣ್ಣನೆಯ ಗಾಳಿಯನ್ನು ಜೋರಾಗಿ ಉಸಿರಾಡುವುದರಿಂದ ಶ್ವಾಸನಾಳಗಳು ಬಿಗಿದುಕೊಳ್ಳಬಹುದು. ಅಂಥವರು ಇನ್‌ಹೇಲರನ್ನು ದಡದಲ್ಲೇ ಇಟ್ಟುಕೊಂಡು, ಬಿಸಿಲೇರಿದ ಮೇಲೆ ನಿಧಾನವಾಗಿ ಶುರು ಮಾಡುವುದು ಒಳ್ಳೆಯದು.

ನಿಮ್ಮ 6 ಗಂಟೆಯ ಅಭ್ಯಾಸದ ಬಗ್ಗೆ ನನಗಿರುವ ಆಕ್ಷೇಪಣೆ ಚಳಿಯದಲ್ಲ, ಬೆಳಕಿನದು. ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ 6.45ರ ಸುಮಾರಿಗೆ. ನೀವು ಇಳಿಯುವ ಹೊತ್ತಿಗೆ ಇನ್ನೂ ಕತ್ತಲೆ, ಗಾಳಿ ದಿನದಲ್ಲೇ ಅತ್ಯಂತ ತಣ್ಣಗಿರುವ ಹೊತ್ತೂ ಅದೇ. ಬೆಚ್ಚನೆಯ ನೀರಿನಿಂದ ಏಳುವ ಆವಿ ಆ ತಣ್ಣನೆಯ ಗಾಳಿಯಲ್ಲಿ ಮಂಜಾಗಿ ನೀರಿನ ಮೇಲೆಯೇ ತೇಲುತ್ತಿರುತ್ತದೆ. ನೋಡಲು ಸೊಗಸಾಗಿದ್ದರೂ ದಡದಲ್ಲಿರುವ ಲೈಫ್‌ಗಾರ್ಡ್‌ಗೆ ಕೊಳದ ತಳ ಕಾಣದಂತೆ ಮಾಡುವುದು ಇದೇ ಮಂಜು. ಆಳದ ಭಾಗದ ತಳ ಸ್ಪಷ್ಟವಾಗಿ ಕಾಣದಿದ್ದರೆ ಎಷ್ಟೇ ಚೆನ್ನಾಗಿ ಈಜು ಬಲ್ಲವರೂ ಇಳಿಯಬಾರದು, ಒಬ್ಬರೇ ಅಂತೂ ಕೂಡದು. ಈ ಎರಡು ತಿಂಗಳ ಮಟ್ಟಿಗೆ ನಿಮ್ಮ ಸಮಯವನ್ನು 7 ಗಂಟೆಯ ಆಚೆಗೆ ತಳ್ಳಿ. ಇಳಿಯುವ ಮೊದಲು ದಡದಲ್ಲೇ ಹತ್ತು ನಿಮಿಷ ಭುಜ, ಸೊಂಟ, ಕಾಲುಗಳನ್ನು ಆಡಿಸಿ ಮೈ ಬೆಚ್ಚಗಾಗಿಸಿಕೊಳ್ಳಿ, ನಡುವೆ ಗೋಡೆ ಹಿಡಿದು ದೀರ್ಘ ವಿಶ್ರಾಂತಿ ಪಡೆಯುವ ಬದಲು ನಿಧಾನಗತಿಯಲ್ಲೇ ಈಜುತ್ತಿರಿ. ನಿರಂತರವಾಗಿ ಈಜುವವರಿಗೆ 28 ಡಿಗ್ರಿಯ ನೀರಿನಲ್ಲಿ ಚಳಿಯಾಗುವ ಸಂಭವ ತೀರಾ ಕಡಿಮೆ. ಸಿಲಿಕೋನ್ ಟೋಪಿ ತೆಳುವಾದ ಬಟ್ಟೆಯ ಟೋಪಿಗಿಂತ ಬೆಚ್ಚಗಿರುತ್ತದೆ. ಚಳಿ ತಡೆಯಲೆಂದು ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯುವ ರೂಢಿ ಕೆಲವರಲ್ಲಿದೆ. ಆ ತೆಳು ಪದರ ಶಾಖವನ್ನು ಹಿಡಿದಿಡುವುದಿಲ್ಲ, ನೀರಿನ ಮೇಲೆ ಜಿಡ್ಡು ತೇಲಿಸಿ ಫಿಲ್ಟರನ್ನು ಕೆಡಿಸುತ್ತದೆ. ಎಣ್ಣೆಯ ಸ್ನಾನ ಈಜಿದ ಮೇಲೆ ಮನೆಯಲ್ಲಾಗಲಿ.

ಮಗಳ ವಿಚಾರದಲ್ಲಿ ಹೆಚ್ಚಿನ ಎಚ್ಚರ ಬೇಕು. ಮಕ್ಕಳಿಗೆ ತೂಕದ ಲೆಕ್ಕದಲ್ಲಿ ಚರ್ಮದ ವಿಸ್ತಾರ ಹೆಚ್ಚು, ಕೊಬ್ಬಿನ ಪದರ ತೆಳು. ಆದ್ದರಿಂದ ದೊಡ್ಡವರಿಗೆ ಹಿತವೆನಿಸುವ ನೀರಿನಲ್ಲೂ ಅವರು ಬೇಗ ತಣ್ಣಗಾಗುತ್ತಾರೆ. ಕಲಿಕೆಯ ತರಗತಿಯನ್ನು ಒಮ್ಮೆ ದಡದಲ್ಲಿ ಕುಳಿತು ಗಮನಿಸಿ. ಐದಾರು ಮಕ್ಕಳು ಕೊಳದ ಅಂಚಿನ ಮೇಲೆ ಸಾಲಾಗಿ ಕುಳಿತಿರುತ್ತಾರೆ, ಕಾಲಷ್ಟೇ ನೀರಿನಲ್ಲಿ, ಒದ್ದೆ ಬೆನ್ನು ಗಾಳಿಗೆ. ತರಬೇತುದಾರರು ಒಬ್ಬೊಬ್ಬರನ್ನೇ ಕರೆದು ಕಾಲು ಬಡಿಯುವುದನ್ನು ಕಲಿಸುತ್ತಿರುತ್ತಾರೆ. ಅರ್ಧ ಗಂಟೆಯ ತರಗತಿಯಲ್ಲಿ ಒಂದು ಮಗು ನಿಜಕ್ಕೂ ಈಜುವುದು ಆರೇಳು ನಿಮಿಷವಾದರೆ, ಉಳಿದಷ್ಟು ಹೊತ್ತೂ ಅದು ಒದ್ದೆ ಮೈಯನ್ನು ಗಾಳಿಗೊಡ್ಡಿ ಕುಳಿತಿರುತ್ತದೆ. ಕಾಯುವ ಮಕ್ಕಳು ಮೆಟ್ಟಿಲ ಮೇಲೆ ಕುತ್ತಿಗೆಯವರೆಗೆ ನೀರಿನಲ್ಲೇ ಕುಳಿತಿರುವಂತೆ ನೋಡಿಕೊಳ್ಳಲು ತರಬೇತುದಾರರನ್ನು ಕೇಳಿಕೊಳ್ಳಿ, ಅಷ್ಟರಿಂದಲೇ ಬಹಳ ವ್ಯತ್ಯಾಸ ಕಾಣುತ್ತದೆ. ಮಗಳ ತುಟಿ ನೀಲಿಗಟ್ಟಿದರೆ, ಬೆರಳುಗಳು ಸೆಟೆದರೆ, ಇದ್ದಕ್ಕಿದ್ದಂತೆ ಮಂಕಾಗಿ ಹೇಳಿದ್ದನ್ನು ಕೇಳದಂತಾದರೆ ಆ ದಿನದ ಈಜು ಅಲ್ಲಿಗೆ ಮುಗಿಯಬೇಕು. ಅವಳು "ಇನ್ನೂ ಸ್ವಲ್ಪ ಹೊತ್ತು" ಎಂದು ಎಷ್ಟೇ ಗೋಗರೆದರೂ ಹೊರಗೆ ಕರೆತಂದು ಒದ್ದೆ ಈಜುಡುಗೆ ತೆಗೆಸಿ, ಒರೆಸಿ, ಒಣ ಬಟ್ಟೆ ಹಾಕಿ. ಅವಳಿಗೆ ಸೂಕ್ತವಾದದ್ದು ಮಧ್ಯಾಹ್ನ 3ರಿಂದ 4.30ರ ನಡುವಿನ ಸಮಯ, ಒಮ್ಮೆಗೆ ಅರ್ಧ ಗಂಟೆ ಮೀರದಂತೆ. ರಜೆಯ ದಿನ ಬೆಳಿಗ್ಗೆ 10ರ ಮೇಲೆಯೂ ಆದೀತು, ಆದರೆ ನಮ್ಮ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲ ಬಿಸಿಲೂ ಚರ್ಮ ಸುಡಬಲ್ಲದು. ಗಾಳಿ ತಂಪಾಗಿರುವುದರಿಂದ ಅದು ಗೊತ್ತಾಗುವುದಿಲ್ಲ.

ನಿಮ್ಮ ಅತ್ತೆಯವರಿಗೆ ನೀರಿನಲ್ಲಿ ನಡೆಯುವುದು ನಿಜವಾಗಿಯೂ ಒಳ್ಳೆಯ ವ್ಯಾಯಾಮ. ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎದೆಮಟ್ಟದಲ್ಲಿ ಮೂರನೆಯ ಒಂದು ಭಾಗದಷ್ಟಾಗುತ್ತದೆ. ನೆಲದ ಮೇಲೆ ಹತ್ತು ಹೆಜ್ಜೆಗೇ ನೋಯುವ ಮೊಣಕಾಲು ನೀರಿನಲ್ಲಿ ಕಾಲು ಗಂಟೆ ಸಲೀಸಾಗಿ ನಡೆಯಬಲ್ಲದು, ಅದರ ಜೊತೆಗೆ ನೀರಿನ ತಡೆ ತೊಡೆಯ ಸ್ನಾಯುಗಳಿಗೆ ಬಲ ಕೊಡುತ್ತದೆ. ಆದರೆ ಎದೆಮಟ್ಟದ ನೀರಿಗೆ ಇಳಿದಾಗ ನೀರಿನ ಒತ್ತಡವು ಕಾಲು ಮತ್ತು ಹೊಟ್ಟೆಯ ರಕ್ತವನ್ನು ಎದೆಯತ್ತ ತಳ್ಳುವುದರಿಂದ ಹೃದಯದ ಕೆಲಸ ಹೆಚ್ಚುತ್ತದೆ, ನೀರು ತಣ್ಣಗಿದ್ದರೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡವೂ ಏರುತ್ತದೆ. ಹೊರಬರುವಾಗ ಇದರ ವಿರುದ್ಧ ನಡೆಯುತ್ತದೆ: ಒತ್ತಡ ತಟ್ಟನೆ ತೆರವಾಗಿ ರಕ್ತ ಕಾಲಿಗೆ ಇಳಿಯುತ್ತದೆ, ತಲೆಸುತ್ತು ಬರಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಹಾಗಾಗಿ ಮೊದಲು ಅವರ ವೈದ್ಯರನ್ನು ಕಾಣಿ, ಮಾತ್ರೆಯ ಚೀಟಿ ತೋರಿಸಿ, ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ಇಪ್ಪತ್ತು ನಿಮಿಷ ನಡೆಯಬಹುದೇ ಎಂದು ಸ್ಪಷ್ಟವಾಗಿ ಕೇಳಿ. ಬರೀ "ಈಜಬಹುದೇ" ಎಂದು ಕೇಳಿದರೆ ಅವರಿಗೂ ಚಿತ್ರ ಸಿಗುವುದಿಲ್ಲ.

ವೈದ್ಯರು ಒಪ್ಪಿದರೆ ಮೊದಲ ವಾರ ಸೊಂಟದ ಮಟ್ಟದಲ್ಲೇ ಇರಲಿ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯಲಿ. ಹತ್ತುವಾಗ ಕೊನೆಯ ಮೆಟ್ಟಿಲಿನಲ್ಲಿ ಒಂದು ನಿಮಿಷ ಕುಳಿತು, ತಲೆ ತಿಳಿಯಾಗಿದೆ ಎನಿಸಿದ ಮೇಲೆ ಏಳಲಿ, ಆ ನಿಮಿಷದಲ್ಲಿ ನೀವು ಅವರ ಹೆಗಲಿಗೆ ಟವೆಲ್ ಹೊದಿಸಿ. ನೀರಿನಲ್ಲಿದ್ದಾಗ ಮೂತ್ರ ಹೆಚ್ಚು ಉತ್ಪತ್ತಿಯಾಗುವುದರಿಂದ ಇಳಿಯುವ ಮೊದಲೊಮ್ಮೆ ಶೌಚಾಲಯಕ್ಕೆ ಹೋಗಿಬರಲಿ, ಮುಗಿದ ಮೇಲೆ ಒಂದು ಲೋಟ ನೀರು ಕುಡಿಯಲಿ. ಅವರಿಗೂ ಮಧ್ಯಾಹ್ನದ ಹೊತ್ತೇ ಸರಿ. ಈಜಲು ಬಾರದವರು ಎದೆಮಟ್ಟದ ನೀರಿನಲ್ಲಿ ಜಾರಿದರೂ ಗಾಬರಿಯಾಗುತ್ತಾರೆ, ಆದ್ದರಿಂದ ಕೈಯಳತೆಯಲ್ಲಿ ಒಬ್ಬರು ಜೊತೆಗಿರಲೇಬೇಕು.

ಈಗ ಸಂಘದ ವಾದಕ್ಕೆ ಬರೋಣ. 26 ಡಿಗ್ರಿ ಕೇಳುವವರ ಬಳಿ ಆಧಾರವಿಲ್ಲದೇ ಇಲ್ಲ: ಅಂತರರಾಷ್ಟ್ರೀಯ ಈಜು ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್ ಸ್ಪರ್ಧೆಯ ಕೊಳಗಳಿಗೆ 25ರಿಂದ 28 ಡಿಗ್ರಿಯನ್ನು ನಿಗದಿಪಡಿಸಿದೆ. ಆದರೆ ಅದು ಪೂರ್ಣವೇಗದಲ್ಲಿ ಈಜುವವರಿಗೆ, ಅವರ ಸ್ನಾಯುಗಳೇ ಶಾಖ ಹುಟ್ಟಿಸುತ್ತಿರುತ್ತವೆ. 32 ಕೇಳುವವರದೂ ಸುಳ್ಳಲ್ಲ. ಅಲುಗದೆ ನಿಂತವರಿಗೆ ಚಳಿಯೂ ಸೆಕೆಯೂ ಆಗದ ನೀರು 33–35 ಡಿಗ್ರಿಯದು, ಕೈಕೂಸುಗಳಿಗೂ ಭೌತಚಿಕಿತ್ಸೆಗೂ ಅಂಥ ನೀರೇ ಬೇಕು. ಆದರೆ ಅದಕ್ಕೆ ಸೂರಿನ ಕೆಳಗಿನ ಸಣ್ಣ ಕೊಳವೇ ಸರಿಯಾದ ಜಾಗ. ತೆರೆದ ಕೊಳವನ್ನು 32ಕ್ಕೆ ಕಾಯಿಸಿದರೆ ವೇಗವಾಗಿ ಈಜುವವರಿಗೆ ಏದುಸಿರು, ತಲೆನೋವು ಬರುತ್ತದೆ. ಜೊತೆಗೆ, 16 ಡಿಗ್ರಿಯ ತೇವದ ಗಾಳಿಯಿರುವ ರಾತ್ರಿಯೊಂದರಲ್ಲಿ 28 ಡಿಗ್ರಿಯ ನೀರಿಗಿಂತ 32 ಡಿಗ್ರಿಯ ನೀರು ಸುಮಾರು ಶೇ. 40ರಷ್ಟು ಹೆಚ್ಚು ಆವಿಯಾಗುತ್ತದೆ. ಬಗೆಬಗೆಯ ಜನ ಬಳಸುವ ಕೊಳಕ್ಕೆ 28–29 ಎಂಬುದು ನನ್ನ ಖಚಿತ ಅಭಿಪ್ರಾಯ. ನಡೆಯುತ್ತಿರುವ ಹಿರಿಯರಿಗೂ 29 ಸಾಕು, ನಿಂತು ಮಾತಿಗೆ ತೊಡಗಿದರೆ ಮಾತ್ರ ಚಳಿಯಾದೀತು.

ಖರ್ಚಿನ ಲೆಕ್ಕವನ್ನು ಸಂಘದ ಮುಂದೆ ಇಡಲು ನಿಮಗೆ ಅನುಕೂಲವಾಗುವಂತೆ ಬರೆಯುತ್ತೇನೆ. ಸರಾಸರಿ ಆಳ 1.2 ಮೀಟರ್ ಎಂದುಕೊಂಡರೆ ನಿಮ್ಮ ಕೊಳದಲ್ಲಿ 108 ಘನ ಮೀಟರ್, ಅಂದರೆ 1,08,000 ಲೀಟರ್ ನೀರಿದೆ. ಇಷ್ಟು ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 125 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಸುತ್ತಲ ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ನಾಲ್ಕು ಯೂನಿಟ್ ಶಾಖ ಸಿಗುತ್ತದೆ ಎಂದಿಟ್ಟುಕೊಂಡರೆ, ಪ್ರತಿ ಡಿಗ್ರಿಗೆ 31 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಈಗ ರಾತ್ರಿ ಕೊಳವನ್ನು ತೆರೆದಿಟ್ಟಿದ್ದೀರಿ, ಬೆಳಗಾಗುವಷ್ಟರಲ್ಲಿ ನೀರಿನ ಮಟ್ಟ ಕೇವಲ 3 ಮಿಲಿಮೀಟರ್ ಇಳಿದಿದೆ ಎಂದುಕೊಳ್ಳಿ. ಯಾರ ಕಣ್ಣಿಗೂ ಕಾಣದ ಈ ಇಳಿತ ಎಂದರೆ 270 ಲೀಟರ್ ಆವಿ. ಅದು ತನ್ನೊಂದಿಗೆ ಒಯ್ದ ಶಾಖ ಸುಮಾರು 180 ಯೂನಿಟ್, ಕೊಳ ತಣ್ಣಗಾದದ್ದು ಹತ್ತಿರಹತ್ತಿರ ಒಂದೂವರೆ ಡಿಗ್ರಿ. ಅದನ್ನು ಮತ್ತೆ ತುಂಬಿಕೊಡಲು ದಿನಕ್ಕೆ 45 ಯೂನಿಟ್, ತಿಂಗಳಿಗೆ 1,350 ಯೂನಿಟ್ ವಿದ್ಯುತ್ ಬೇಕು. ತೆರೆದ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಸುಮಾರು ಶೇ. 70 ಭಾಗ ಆವಿಯ ಮೂಲಕವೇ ಹೋಗುತ್ತದೆ. ನೀರಿನ ಮೇಲೆ ತೇಲುವ, ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆಯೊಂದು ಕಾಯಿಸುವ ವೆಚ್ಚವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಹೀಟ್ ಪಂಪ್ ಕೊಂಡು ಹೊದಿಕೆ ಕೊಳ್ಳದೆ ಇರುವುದು ಅರ್ಧ ಕೆಲಸ.

ಹೊದಿಕೆಯಿಂದ ನೀರೂ ಉಳಿಯುತ್ತದೆ. 2024ರ ಮಾರ್ಚ್‌ನ ಬರಗಾಲದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಬೇಕಾಗಿ ಬಂದಿತ್ತು. ಅಂಥ ಊರಿನಲ್ಲಿ ರಾತ್ರಿಗೆ 270 ಲೀಟರ್ ನೀರು ಆವಿಯಾಗಲು ಬಿಡುವುದು ತಪ್ಪೆಂದೇ ನಾನು ತಿಳಿಯುತ್ತೇನೆ. ಹೀಟ್ ಪಂಪನ್ನು ರಾತ್ರಿ ಓಡಿಸುವ ಬದಲು ಗಾಳಿ ಬೆಚ್ಚಗಿರುವ ಬೆಳಿಗ್ಗೆ 11ರಿಂದ ಸಂಜೆ 5ರ ನಡುವೆ ಓಡಿಸಿ, ಅದೇ ವಿದ್ಯುತ್ತಿಗೆ ಹೆಚ್ಚು ಶಾಖ ಸಿಗುತ್ತದೆ. ಕೊನೆಯವರು ಹೊರಬಂದ ಕೂಡಲೇ ಹೊದಿಕೆ ಎಳೆಯಬೇಕು. ಒಂದು ಎಚ್ಚರಿಕೆ: ಅರ್ಧ ಸರಿಸಿದ ಹೊದಿಕೆಯ ಕೊಳಕ್ಕೆ ಯಾರನ್ನೂ ಇಳಿಯಗೊಡಬೇಡಿ. ಅದರಡಿ ಸಿಕ್ಕಿಕೊಂಡ ಮಗು ಮೇಲಿನವರಿಗೆ ಕಾಣುವುದಿಲ್ಲ, ಹೊದಿಕೆಯನ್ನು ನೆಲವೆಂದು ಭಾವಿಸಿ ಅದರ ಮೇಲೆ ಕಾಲಿಡುವ ಅಪಾಯವೂ ಇದೆ. ಹೊದಿಕೆ ಹಾಕಿರುವಷ್ಟು ಹೊತ್ತೂ ಬೇಲಿಯ ಬಾಗಿಲಿಗೆ ಬೀಗವಿರಲಿ.

ಬೆಚ್ಚನೆಯ ನೀರಿನಲ್ಲಿ ಕ್ಲೋರಿನ್ ಬೇಗ ಖಾಲಿಯಾಗುತ್ತದೆ ಎಂಬುದನ್ನು ನಿರ್ವಹಣೆಯವರಿಗೆ ತಿಳಿಸಿ. ಚಳಿಗಾಲದಲ್ಲಿ ಈಜುವವರು ಕಡಿಮೆ ಎಂದು ಪರೀಕ್ಷೆಯನ್ನು ಕೈಬಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮುಕ್ತ ಕ್ಲೋರಿನ್, ಅಂದರೆ ರೋಗಾಣುಗಳನ್ನು ಕೊಲ್ಲಲು ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್, ಕನಿಷ್ಠ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಭಾಗ) ಇರಬೇಕು, ಬಿಸಿಲಿಗೆ ಕ್ಲೋರಿನ್ ಹಾಳಾಗದಿರಲೆಂದು ಸಯನೂರಿಕ್ ಆಮ್ಲ ಹಾಕುವ ಕೊಳಗಳಲ್ಲಿ 2 ಪಿಪಿಎಂ, ನೀರಿನ ಆಮ್ಲ–ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8ರ ಒಳಗಿರಬೇಕು. ಅನೇಕ ಕಡೆ ಬಳಸುವ, ಹನಿ ಹಾಕಿದರೆ ಹಳದಿ ಬಣ್ಣ ಬರುವ ಕಿಟ್ ಒಟ್ಟು ಕ್ಲೋರಿನ್ನನ್ನಷ್ಟೇ ತೋರಿಸುತ್ತದೆ, ಮುಕ್ತ ಕ್ಲೋರಿನ್ ತಿಳಿಯಲು ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಬೇಕು. ಭೇದಿಯಾಗುತ್ತಿರುವವರು, ದೊಡ್ಡವರಾಗಲಿ ಮಕ್ಕಳಾಗಲಿ, ಪೂರ್ತಿ ವಾಸಿಯಾಗುವವರೆಗೆ ಇಳಿಯಬಾರದು. ಕ್ರಿಪ್ಟೋಸ್ಪೋರಿಡಿಯಂ ಎಂಬ ರೋಗಾಣು ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಿರಬಲ್ಲದು.

ಸಂಘದಲ್ಲಿ ವಾದ ಮುಂದುವರಿದರೆ ಒಂದು ಕೆಲಸ ಮಾಡಿ. ಕೊಳದ ಬಾಗಿಲಿನ ಬಳಿ ಒಂದು ಫಲಕ ಹಾಕಿಸಿ, ಹೊದಿಕೆ ಎಳೆಯುವ ಮುನ್ನ ಸಂಜೆ ಒಮ್ಮೆ, ಅದನ್ನು ತೆಗೆದ ಕೂಡಲೇ ಬೆಳಿಗ್ಗೆ ಒಮ್ಮೆ, ಎರಡೂ ಹೊತ್ತು ಒಂದೇ ಜಾಗದಲ್ಲಿ, ನೀರಿನ ಮೇಲ್ಮೈಯಿಂದ ಒಂದು ಮೊಳ ಕೆಳಗೆ ಥರ್ಮಾಮೀಟರ್ ಇಟ್ಟು ತಾಪಮಾನವನ್ನು ಬರೆಸಿ. ಹೊದಿಕೆ ಹಾಕಿಯೂ ರಾತ್ರಿಯಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಇಳಿಯುತ್ತಿದ್ದರೆ ಅಂಚಿನಲ್ಲಿ ಎಲ್ಲೋ ಅಗಲವಾದ ಸಂದು ಉಳಿದಿದೆ ಎಂದರ್ಥ. ಪಂಪಿನ ಸೆಟ್ಟಿಂಗ್ ಏರಿಸುವ ಮೊದಲು ಆ ಸಂದನ್ನು ಮುಚ್ಚಿಸಿ.